ಅಕ್ಕನ ಅಡಿಗೆಮನೆಯಲ್ಲಿ ತೆಗೆದ ಸಿನಿಮಾ

ನಾನು ನಟಿಸಿದ ಸಿನಿಮಾ ನೋಡಿದ ಮಾರನೆಯ ದಿನ ನನ್ನ ಭಾವ ಅಕ್ಕನ ಕೈಯ ಊಟ ಬಿಟ್ಟರು. ಜಗಳವಾಗಿರಲಿಲ್ಲ. ಮೈಗೆ ಹುಷಾರಿಲ್ಲದೆಯೂ ಇರಲಿಲ್ಲ. ಮಧ್ಯಾಹ್ನ ತಟ್ಟೆಯ ಮುಂದೆ ಕೂತವರು ಅಕ್ಕ ಬಡಿಸಿ ಮುಗಿಸುವ ಮೊದಲೇ ಎದ್ದು, ಜೀಪು ತೆಗೆದುಕೊಂಡು ಹಾನುಬಾಳಿಗೆ ಹೋಗಿ, ಹೋಟೆಲಿನಲ್ಲಿ ಉಂಡು ಬಂದರಂತೆ. ಅಕ್ಕ ಇದನ್ನು ಫೋನಿನಲ್ಲಿ ಹೇಳಿದಾಗ ನಾನು ಬೆಂಗಳೂರಿನಲ್ಲಿ ಮೇಕಪ್ಪಿಗೆ ಮುಖ ಒಡ್ಡಿಕೊಂಡು ಕೂತಿದ್ದೆ. ನಕ್ಕುಬಿಟ್ಟೆ. ಅಕ್ಕ ನಗಲಿಲ್ಲ.

ಆ ಸಿನಿಮಾದವರೆಗೆ ನನ್ನನ್ನು ಕಂಡು ಯಾರೂ ಹೆದರಿದ್ದಿಲ್ಲ. ನಾನು ಮಗ್ಗೆಯ ಕಡೆಯ ಹುಡುಗಿ. ಹಾಸನದಲ್ಲಿ ಕಾಲೇಜು ಓದುವಾಗ ನಾಟಕದ ತಂಡ ಸೇರಿದೆ, ಅಲ್ಲಿಂದ ಧಾರಾವಾಹಿಗಳಿಗೆ ಬಂದೆ. ಮೂವತ್ತು ತುಂಬುವ ಮೊದಲೇ ನನ್ನ ವಯಸ್ಸಿನ ನಾಯಕನಿಗೆ ತಾಯಿಯಾದೆ. ಆಮೇಲೆ ತಾಯಿಯಾಗಿಯೇ ಉಳಿದೆ. ಸೊಸೆಯಿಂದ ಬೈಸಿಕೊಳ್ಳುವ ತಾಯಿ, ಮಗನಿಗಾಗಿ ದೇವರ ಮುಂದೆ ಕೂತು ಅಳುವ ತಾಯಿ. ಗ್ಲಿಸರಿನ್ ಇಲ್ಲದೆ ಅಳುತ್ತೇನೆ ಎನ್ನುವುದೊಂದೇ ನನಗಿದ್ದ ಹೆಸರು. ಬಾಳ್ಳುಪೇಟೆಯಲ್ಲಿ ಬಸ್ಸಿನಿಂದ ಇಳಿದರೆ ಹೆಂಗಸರು ಬಂದು ಕೈ ಹಿಡಿದುಕೊಂಡು, ಆ ಸೊಸೆಯನ್ನು ಇನ್ನೂ ಯಾಕಮ್ಮ ಮನೆಯಲ್ಲಿ ಇಟ್ಟುಕೊಂಡಿದ್ದೀ ಎಂದು ಕೇಳುತ್ತಿದ್ದರು. ಕೆಲವರ ಕಣ್ಣು ನಿಜವಾಗಿ ತುಂಬಿರುತ್ತಿತ್ತು. ಅಂಥ ಪ್ರೀತಿ ಸುಳ್ಳಲ್ಲ. ಆದರೆ ವರ್ಷಗಟ್ಟಲೆ ಅತ್ತ ಮೇಲೆ ನನ್ನ ಮುಖಕ್ಕೆ ಬೇರೆ ಏನೂ ಬರುವುದಿಲ್ಲವೇನೋ ಎಂಬ ಅನುಮಾನ ನನಗೇ ಶುರುವಾಗಿತ್ತು.

ಅಂಥ ಹೊತ್ತಿನಲ್ಲಿ ಒಬ್ಬ ನಿರ್ದೇಶಕಿ ಮನೆಗೆ ಬಂದಳು. ಚಿಕ್ಕ ವಯಸ್ಸು, ಮೊದಲ ಸಿನಿಮಾ. ಕತೆಯನ್ನು ನೆಲದ ಮೇಲೆ ಕೂತು ಹೇಳಿದಳು. ಕಾಫಿ ತೋಟದ ಒಂದು ಮನೆ. ಯಾರ ಮೇಲೂ ದನಿ ಎತ್ತದ ಒಬ್ಬ ಗೃಹಿಣಿ. ಆ ಮನೆಯ ಗಂಡಸರಿಗೆ ಅವಳು ರುಚಿರುಚಿಯಾಗಿ ಅಡಿಗೆ ಮಾಡಿ ಹಾಕುತ್ತಾಳೆ. ಮೊದಲು ಮಾವ, ಆಮೇಲೆ ಮೈದುನ, ಕೊನೆಗೆ ಗಂಡ, ಒಬ್ಬೊಬ್ಬರಾಗಿ ಉಂಡು ಸಾಯುತ್ತಾರೆ. ಪ್ರತಿ ಸಾವಿನ ತಿಥಿ ಅಡಿಗೆಯನ್ನೂ ಅವಳೇ ಮಾಡುತ್ತಾಳೆ, ಬಂದವರು ಹೊಗಳಿಕೊಂಡು ಉಣ್ಣುತ್ತಾರೆ. ಇದನ್ನು ಡಾರ್ಕ್ ಕಾಮಿಡಿ ಅನ್ನುತ್ತಾರೆ ಎಂದು ವಿವರಿಸಿದಳು.

"ಜನ ಹೊಟ್ಟೆ ಹಿಡ್ಕೊಂಡು ನಗಬೇಕು ಮೇಡಂ. ಮನೆಗೆ ಹೋಗಿ ಊಟಕ್ಕೆ ಕೂತಾಗ ಮೈ ಜುಮ್ ಅನ್ನಬೇಕು."

ಒಪ್ಪಿಕೊಂಡೆ. ಮನೆ ಹುಡುಕುವಾಗ ಅಕ್ಕನ ಮನೆಯನ್ನು ತೋರಿಸಿದವಳೂ ನಾನೇ. ಹಾನುಬಾಳಿನಿಂದ ಒಳಗೆ, ಗುಡ್ಡದ ಮಗ್ಗುಲಲ್ಲಿ ಅವರ ತೋಟ. ಕೆಳಗೆ ಗದ್ದೆ, ಮನೆಯ ಮುಂದೆ ಕಾಫಿ ಒಣಗಿಸುವ ಕಣ, ಅದರಾಚೆ ಕಾಡು. ಭಾವ ದೊಡ್ಡ ದನಿಯ ಮನುಷ್ಯ. ತೋಟದ ಕೆಲಸದವರಿಗೂ ಮನೆಯವರಿಗೂ ಒಂದೇ ದನಿ. ಶೂಟಿಂಗ್ ಎಂದಾಗ ಅವರಿಗೆ ಹಿಡಿಸಲಾರದಷ್ಟು ಖುಷಿಯಾಯಿತು. ನೆಂಟರನ್ನೆಲ್ಲ ಕರೆದು ಲೈಟು, ಕ್ಯಾಮೆರಾ ತೋರಿಸಿದರು. ತಿಥಿ ಊಟದ ದೃಶ್ಯದಲ್ಲಿ ಪಂಕ್ತಿಯಲ್ಲಿ ಕೂತು ತಾವೂ ಉಂಡರು.

ಅಕ್ಕ ಮಾತ್ರ ಉಗ್ರಾಣದ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅವಳ ಒಲೆ, ಅವಳ ಪಾತ್ರೆ, ಅವಳ ಒಗ್ಗರಣೆ ಸೌಟು. ನನಗೆ ಉಡಿಸಿದ ಸೀರೆಯೂ ಅವಳದೇ ಬೀರುವಿನದು. ನಾವಿಬ್ಬರೂ ಮೊದಲೇ ಒಂದೇ ಅಚ್ಚು. ಆ ಸೀರೆಯಲ್ಲಿ ಹಿಂದಿನಿಂದ ನೋಡಿದವರು ನನ್ನನ್ನು ಅವಳೆಂದೇ ಕರೆಯುತ್ತಿದ್ದರು.

ಮೊದಲ ಸಾವಿನ ದೃಶ್ಯದ ದಿನ ನಾನು ಮಾವನ ತಟ್ಟೆಗೆ ಸಾರು ಬಡಿಸಿ, ತಟ್ಟೆಯ ಅಂಚನ್ನು ಸೆರಗಿನ ತುದಿಯಿಂದ ನಿಧಾನವಾಗಿ ಸುತ್ತಲೂ ಒರೆಸಿ, ಆಮೇಲೆ ಮುಂದೆ ಸರಿಸಿದೆ. ಅದು ಕತೆಯಲ್ಲಿ ಬರೆದಿರಲಿಲ್ಲ. ಕೈ ತಾನಾಗಿ ಮಾಡಿತು. ನಿರ್ದೇಶಕಿ ಕುಣಿದಾಡಿಬಿಟ್ಟಳು. ಇನ್ನು ಮೇಲೆ ಯಾರು ಸಾಯಬೇಕೋ ಅವರ ತಟ್ಟೆಯನ್ನು ಮಾತ್ರ ಹೀಗೆ ಒರೆಸಿ, ವಿಷದ ಡಬ್ಬಿ ತೋರಿಸುವುದೇ ಬೇಡ, ಜನಕ್ಕೆ ಅರ್ಥವಾಗುತ್ತದೆ ಎಂದಳು.

ಅವತ್ತು ಸಂಜೆ ಕಣದ ಕಟ್ಟೆಯ ಮೇಲೆ ಕೂತಿದ್ದಾಗ ಅಕ್ಕ, ಆ ಒರೆಸೋದನ್ನು ಎಲ್ಲಿ ಕಲಿತೆ ಎಂದು ಕೇಳಿದಳು. ನಿನ್ನನ್ನು ನೋಡಿಯೇ ಎಂದೆ. ಅದು ನಿಜ. ಭಾವನಿಗೆ ಬಡಿಸುವಾಗ ಅವಳು ಯಾವಾಗಲೂ ಹಾಗೆ ಮಾಡುತ್ತಿದ್ದಳು, ಅಚ್ಚುಕಟ್ಟು ಅಂದುಕೊಂಡಿದ್ದೆ. ಆಗ ಅಕ್ಕ ಹೇಳಿದಳು. ಮದುವೆಯಾದ ಹೊಸತರಲ್ಲಿ ತಟ್ಟೆಯ ಅಂಚಿಗೆ ಒಂದು ತೊಟ್ಟು ಸಾರು ಬಿದ್ದಿತ್ತಂತೆ. ಭಾವ ತಟ್ಟೆಯನ್ನು ಅನ್ನದ ಸಮೇತ ಎತ್ತಿ ಅಂಗಳಕ್ಕೆ ಎಸೆದರು. ಅತ್ತೆ ಅವಳ ಕೈಯಿಂದಲೇ ಅಗುಳು ಅಗುಳಾಗಿ ಹೆಕ್ಕಿಸಿದರು. ಅವತ್ತಿನಿಂದ ಒರೆಸದೆ ಅವಳು ತಟ್ಟೆ ಇಟ್ಟಿಲ್ಲ. ಇಷ್ಟು ಹೇಳಿ ಎದ್ದು, ಯೂನಿಟ್ಟಿನವರಿಗೆ ಕಾಫಿ ಕಾಸಲು ಒಳಗೆ ಹೋದಳು.

ಸಿನಿಮಾ ಥಿಯೇಟರಿನಲ್ಲಿ ಬಂದದ್ದೂ ಗೊತ್ತಾಗಲಿಲ್ಲ, ಹೋದದ್ದೂ ಗೊತ್ತಾಗಲಿಲ್ಲ. ಆಮೇಲೆ ಜನರ ಮೊಬೈಲಿಗೆ ಬಂತು. ಆಗ ಹಬ್ಬಿತು. ನಾನು ಅಂಚು ಒರೆಸುವ ತುಣುಕನ್ನು ಜನ ಒಬ್ಬರಿಗೊಬ್ಬರು ಕಳಿಸಿ ನಗತೊಡಗಿದರು. ಪತ್ರಿಕೆಗಳು ಇಷ್ಟು ದಿನ ಈ ನಟಿ ಎಲ್ಲಿದ್ದಳು ಎಂದು ಬರೆದವು. ಅಷ್ಟು ವರ್ಷ ಅತ್ತದ್ದು ಯಾರಿಗೂ ಕಂಡಿರಲಿಲ್ಲವೇನೋ. ಬಾಳ್ಳುಪೇಟೆಯ ಹೋಟೆಲಿಗೆ ಕಾಫಿ ಕುಡಿಯಲು ಹೋದಾಗ ಪಕ್ಕದ ಮೇಜಿನ ಹೆಂಗಸು ತನ್ನ ಲೋಟವನ್ನು ಆಚೆ ಸರಿಸಿಕೊಂಡು, ತಮಾಷೆಗೆ ಅಮ್ಮ, ಬೇಜಾರು ಮಾಡ್ಕೋಬೇಡಿ ಅಂದಳು. ನಾನೂ ನಕ್ಕೆ. ಆದರೆ ಅವಳು ಲೋಟವನ್ನು ವಾಪಸ್ಸು ಸರಿಸಲಿಲ್ಲ.

ಭಾವ ಸಿನಿಮಾವನ್ನು ಮನೆಯ ದೊಡ್ಡ ಟೀವಿಯಲ್ಲಿ ಹಾಕಿಸಿ ಅಕ್ಕಪಕ್ಕದ ತೋಟದವರನ್ನೆಲ್ಲ ಕರೆದಿದ್ದರು. ಮಾವ ಸತ್ತಾಗ ಎಲ್ಲರೂ ನಕ್ಕರಂತೆ, ಭಾವನ ನಗೆಯೇ ಜೋರು. ಮೈದುನ ಸತ್ತಾಗ ಭಾವ ನಗಲಿಲ್ಲ. ಗಂಡನ ಸರದಿ ಬರುವ ಹೊತ್ತಿಗೆ ಅಕ್ಕ ಎಲ್ಲರಿಗೂ ಕಾಫಿ ತಂದಳು. ತಟ್ಟೆಯಲ್ಲಿ ಲೋಟಗಳು ಹಾಗೇ ಉಳಿದವು. ಕೊನೆಗೆ ಯಾರೋ ಒಬ್ಬರು, ಸಾಯೋದಾದ್ರೆ ಒಟ್ಟಿಗೆ ಸಾಯಣ ಬನ್ರೋ ಎಂದು ತೆಗೆದುಕೊಂಡ ಮೇಲೆ ಉಳಿದವರೂ ಕುಡಿದರು. ಭಾವನ ಲೋಟದಲ್ಲಿ ಕೆನೆ ಕಟ್ಟಿತು. ಮರುದಿನ ಮಧ್ಯಾಹ್ನ ಅಕ್ಕ ಎಂದಿನಂತೆ ತಟ್ಟೆಯ ಅಂಚು ಒರೆಸಿದಳು. ಅವರು ಎದ್ದುಹೋದರು.

ಆಮೇಲಿನದನ್ನು ಅಕ್ಕ ಆಗಾಗ ಫೋನು ಮಾಡಿ ಹೇಳುತ್ತಿದ್ದಳು, ಬೇರೆ ಯಾರದೋ ಮನೆಯ ಸುದ್ದಿ ಹೇಳಿದ ಹಾಗೆ. ಮಳೆಗೆ ರಸ್ತೆ ಕೆಟ್ಟು ದಿನಾ ಹೋಟೆಲಿಗೆ ಹೋಗಲಾರದೆ ಭಾವ ಬೇಕರಿಯಿಂದ ಬನ್ನು, ಬ್ರೆಡ್ಡು ತಂದಿಟ್ಟುಕೊಂಡರು. ಮನೆಯಲ್ಲಿ ಉಣ್ಣಲೇಬೇಕಾದಾಗ, ನೀನು ಮೊದಲು ಉಣ್ಣು ಎಂದು ಅವಳನ್ನು ಎದುರಿಗೆ ಕೂರಿಸಿಕೊಂಡರು. ಆಮೇಲೆ ಅದೂ ಸಾಲದಾಗಿ, ಮೊದಲ ತುತ್ತನ್ನು ನಾಯಿಗೆ ಹಾಕಿ ಕಾಯತೊಡಗಿದರು. ಮನೆಯ ನಾಯಿ ಮುದಿಯಾಗಿತ್ತು, ಕಣ್ಣು ಮಂಜಾಗಿತ್ತು. ಒಂದು ಬೆಳಿಗ್ಗೆ ಅದು ಕಣದ ಮೂಲೆಯಲ್ಲಿ ಸತ್ತು ಬಿದ್ದಿತ್ತು.

ಆಮೇಲೆ ಅವರ ಮನೆಗೆ ಬಂದವರಾರೂ ಕಾಫಿ ಕುಡಿಯಲಿಲ್ಲ. ಈಗ ತಾನೇ ಆಯ್ತು ಅನ್ನುತ್ತಿದ್ದರಂತೆ.

ಕಾಫಿ ಕೊಯ್ಲು ಶುರುವಾಗುವ ಹೊತ್ತಿಗೆ ಭಾವನಿಗೆ ವಾಂತಿ ಹಿಡಿಯಿತು. ರಕ್ತವೂ ಕಂಡಿತು. ಹಾಸನದ ಆಸ್ಪತ್ರೆಗೆ ಸೇರಿಸಿದ್ದಾರೆಂದು ತಿಳಿದು ನಾನು ಹೋದೆ. ಅವರ ಕೆನ್ನೆ ಬತ್ತಿಹೋಗಿತ್ತು. ನನ್ನ ಮುಖ ಕಂಡೊಡನೆ ಕಣ್ಣು ಬೇರೆ ಕಡೆ ತಿರುಗಿಸಿದರು. ಅಕ್ಕ ಮಂಚದ ಪಕ್ಕದಲ್ಲಿ ಕೂತಿದ್ದಳು; ಅವಳು ತಂದಿದ್ದ ಗಂಜಿ ಮುಚ್ಚಳ ತೆರೆಯದೆ ಕಿಟಕಿಯಲ್ಲಿತ್ತು. ಡಾಕ್ಟರು ನನ್ನ ಗುರುತು ಹಿಡಿದು, ಮೇಡಂ, ನೀವೇನೂ ಬಡಿಸಿಲ್ಲ ತಾನೆ ಎಂದು ನಕ್ಕರು. ಆಮೇಲೆ ಗಂಭೀರವಾಗಿ, ಹೊಟ್ಟೆಯಲ್ಲಿ ಹುಣ್ಣಾಗಿದೆ, ಖಾಲಿ ಹೊಟ್ಟೆಗೆ ಟೀ, ಬೇಕರಿ ತಿಂಡಿ, ಸಿಟ್ಟು ಎಲ್ಲ ಸೇರಿ ಆದದ್ದು, ಮನೆಯ ಮೆತ್ತನೆಯ ಊಟ ಹೊತ್ತಿಗೆ ಸರಿಯಾಗಿ ಮಾಡಬೇಕು ಎಂದರು. ಭಾವ ವಿಷದ ಪರೀಕ್ಷೆ ಮಾಡಿಸಿ ಎಂದು ಕೇಳಿದ್ದರಂತೆ. ಅಂಥದ್ದೇನೂ ಇಲ್ಲ ಎಂದು ಡಾಕ್ಟರು ಅವರ ಎದುರಿಗೇ ಹೇಳಿದರು. ಭಾವ ಕೇಳಿಸಿಕೊಂಡರು. ನಂಬಿದ ಹಾಗೆ ಕಾಣಲಿಲ್ಲ.

ಮನೆಗೆ ಕರೆತಂದ ಮರುದಿನ ಅಕ್ಕ ಕಣದಲ್ಲಿ ಕಾಫಿ ಹಣ್ಣು ಹರಡುತ್ತಿದ್ದಳು. ನಾನು ಹತ್ತಿರ ಹೋಗಿ, ಒಂದು ಸಲ ಬಾಯಿಬಿಟ್ಟು ಹೇಳಿಬಿಡು, ನಾನೇನೂ ಹಾಕಿಲ್ಲ ಅಂತ, ಅಷ್ಟೇ ಸಾಕು ಎಂದೆ.

"ನಾನೇನೂ ಹಾಕಿಲ್ಲ ಕಣೇ," ಅಂದಳು.

"ನನಗಲ್ಲ, ಭಾವನಿಗೆ ಹೇಳು."

"ಅವ್ರು ಕೇಳಿಲ್ವಲ್ಲ." ಹಣ್ಣು ಎಳೆಯುತ್ತಿದ್ದ ಹಲಗೆಯನ್ನು ಅವಳು ನಿಲ್ಲಿಸಲಿಲ್ಲ. "ಮದ್ವೆ ಆದಾಗಿಂದ ಬಡಿಸೋವಾಗೆಲ್ಲ ನನ್ ಕೈ ನಡುಗ್ತಿತ್ತು. ಈಗ ನಿಂತ್ಬುಟ್ಟೈತೆ. ಇವಾಗ ನಾನೇ ಹೋಗಿ, ನೀವು ಹೆದರ್ಬೇಡಿ ಅಂತ ಹೇಳ್ಬೇಕಾ?"

ನಾಯಿಯ ಬಗ್ಗೆ ಕೇಳಬೇಕೆಂದು ಬಾಯಿಗೆ ಬಂತು. ಕೇಳಲು ಧೈರ್ಯವಾಗಲಿಲ್ಲ. ನನ್ನ ಸ್ವಂತ ಅಕ್ಕ. ಚಿಕ್ಕಂದಿನಲ್ಲಿ ನನಗೆ ಜ್ವರ ಬಂದರೆ ತಾನೂ ಉಪವಾಸ ಇರುತ್ತಿದ್ದವಳು. ಅವಳ ಮುಖ ನೋಡಿದೆ. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡಿದ್ದಳು. ಅಷ್ಟು ನಿರಾಳವಾದ ಮುಖವನ್ನು ಅವಳಲ್ಲಿ ನಾನು ಹಿಂದೆ ಕಂಡಿರಲಿಲ್ಲ, ಮತ್ತು ಅದನ್ನು ಕಂಡು ನನಗೆ ಸಂತೋಷವಾಗಬೇಕಿತ್ತು.

ಅಷ್ಟರಲ್ಲಿ ಅಕ್ಕನ ಫೋನಿಗೆ ಅರಣ್ಯ ಇಲಾಖೆಯ ಸಂದೇಶ ಬಂತು. ಪಕ್ಕದ ತೋಟದಲ್ಲಿ ಒಂಟಿ ಆನೆ ಓಡಾಡುತ್ತಿದೆ, ಯಾರೂ ಹೊರಗೆ ಇರಬಾರದು ಎಂದು. ಕೊಯ್ಲಿನ ಹೆಂಗಸರು ಚೀಲಗಳನ್ನು ಗಿಡದ ಬುಡದಲ್ಲೇ ಬಿಟ್ಟು ಕೆಲಸದವರ ಲೈನ್ ಮನೆಗಳ ಕಡೆ ಓಡಿದರು. ನಾವು ಒಳಗೆ ಬಂದು ಬಾಗಿಲು ಹಾಕಿಕೊಂಡೆವು. ನಡುಮಧ್ಯಾಹ್ನ, ಮನೆಯೊಳಗೆ ನಾವು ಮೂವರೇ. ದೂರದಲ್ಲಿ ಆನೆ ಅಟ್ಟಲು ಯಾರೋ ಪಟಾಕಿ ಹೊಡೆಯುತ್ತಿದ್ದ ಶಬ್ದ ಕೇಳುತ್ತಿತ್ತು.

ಅಕ್ಕ ಮೆತ್ತಗೆ ಅನ್ನ ಬೇಯಿಸಿ, ಖಾರವಿಲ್ಲದ ಹೆಸರುಬೇಳೆ ತೊವ್ವೆ ಮಾಡಿದ್ದಳು. ನನಗೂ ಭಾವನಿಗೂ ತಟ್ಟೆ ಇಟ್ಟಳು. ಹೋಟೆಲಿಗೆ ಹೋಗುವಂತಿರಲಿಲ್ಲ, ಬನ್ನು ತಿನ್ನುವಂತಿರಲಿಲ್ಲ, ಬಾಗಿಲು ತೆರೆಯುವಂತೆಯೂ ಇರಲಿಲ್ಲ. ಭಾವ ತಮ್ಮ ತಟ್ಟೆಯನ್ನು ನೋಡಿದರು, ನನ್ನ ತಟ್ಟೆಯನ್ನು ನೋಡಿದರು. ಆಮೇಲೆ ತಮ್ಮದನ್ನು ನನ್ನ ಮುಂದೆ ತಳ್ಳಿ, ನನ್ನದನ್ನು ತಮ್ಮ ಕಡೆಗೆ ಎಳೆದುಕೊಂಡರು.

ಅಕ್ಕ ಸೌಟು ಹಿಡಿದು ನಿಂತಿದ್ದಳು. ಅವಳು ಬೇಡ ಅನ್ನಲಿಲ್ಲ, ಉಣ್ಣು ಅಂತಲೂ ಅನ್ನಲಿಲ್ಲ. ನನ್ನನ್ನೇ ನೋಡುತ್ತಿದ್ದಳು, ಅವತ್ತು ಉಗ್ರಾಣದ ಬಾಗಿಲಲ್ಲಿ ನಿಂತು ನೋಡಿದ ಹಾಗೆ. ನಾನು ಅನ್ನ ಕಲಸಿದೆ. ತುತ್ತು ಬಾಯಿಯ ಹತ್ತಿರ ಬಂದಾಗ ನನ್ನ ಕೈ ತಡೆಯಿತು. ಎಷ್ಟು ಹೊತ್ತು ಎಂದು ಹೇಳಲಾರೆ, ಇಬ್ಬರೂ ಗಮನಿಸುವಷ್ಟು ಹೊತ್ತು. ಆಮೇಲೆ ಉಂಡೆ. ತೊವ್ವೆ ಚೆನ್ನಾಗಿತ್ತು. ತುಪ್ಪದ ಒಗ್ಗರಣೆ, ಒಂದೇ ಒಂದು ಎಸಳು ಬೆಳ್ಳುಳ್ಳಿ, ನಮ್ಮ ಅಮ್ಮ ಮಾಡುತ್ತಿದ್ದ ಹಾಗೆಯೇ. ನಾನು ಅರ್ಧ ತಟ್ಟೆ ಮುಗಿಸಿದ ಮೇಲೆ ಭಾವ ಉಣ್ಣಲು ಶುರುಮಾಡಿದರು. ಹಸಿದಿದ್ದರು. ಎರಡನೆಯ ಸಲ ಅನ್ನ ಹಾಕಿಸಿಕೊಂಡರು.

"ಇನ್ನೊಂಚೂರು ಹಾಕ್ಲಾ?" ಎಂದು ಅಕ್ಕ ಕೇಳಿದಳು.

"ಹಾಕು," ಅಂದರು ಭಾವ. ಆ ದನಿ ಎಷ್ಟು ಸಣ್ಣಗಿತ್ತೆಂದರೆ ಬೇರೆ ಯಾರೋ ಮಾತಾಡಿದಂತಾಯಿತು.

ಭಾವನ ಹುಣ್ಣು ಈಗ ಮಾಯುತ್ತ ಬಂದಿದೆ. ಮನೆಯಲ್ಲೇ ಉಣ್ಣುತ್ತಾರೆ. ತೋಟದಲ್ಲಿ ಮೊದಲಿನಂತೆ ಕೂಗಾಡುವುದಿಲ್ಲ. ಮನುಷ್ಯ ಬದಲಾಗ್ಬುಟ್ಟ, ಆಸ್ಪತ್ರೆ ಕಂಡು ಬುದ್ಧಿ ಬಂತು ಎಂದು ಊರಿನವರು ಮೆಚ್ಚುತ್ತಾರೆ. ಅಕ್ಕ ಮೈ ತುಂಬಿಕೊಂಡಿದ್ದಾಳೆ. ನಿರ್ದೇಶಕಿ ಎರಡನೆಯ ಭಾಗ ಮಾಡಬೇಕೆಂದು ನನ್ನ ಹಿಂದೆ ಬಿದ್ದಿದ್ದಾಳೆ, ಅದೇ ಮನೆ ಬೇಕಂತೆ. ಅಕ್ಕನನ್ನು ಕೇಳಿದೆ. ಬರ್ಲಿ ಬುಡು, ನಂಗೇನು ತೊಂದ್ರೆ ಐತೆ ಎಂದಳು. ಭಾವನನ್ನು ಕೇಳಿದೆಯಾ ಎಂದರೆ, ಅವ್ರು ಬ್ಯಾಡ ಅನ್ನಲ್ಲ ಎಂದಳು. ನಾನಿನ್ನೂ ನಿರ್ದೇಶಕಿಗೆ ಹೂಂ ಎಂದಿಲ್ಲ.

ಇಷ್ಟು ವರ್ಷ ನನಗೆ ಒಂದು ಸಲವೂ ಫೋನು ಮಾಡದಿದ್ದ ಭಾವ ಈಗ ದಿನಾ ಮಾಡುತ್ತಾರೆ. ಮೆಣಸಿನ ಬಳ್ಳಿ, ಮಳೆ, ಆನೆ ಯಾವ ಕಡೆ ದಾಟಿತು, ಇಂಥವೇ ಮಾತು. ವಯಸ್ಸಾಯಿತಲ್ಲ, ಹಚ್ಚಿಕೊಂಡಿದ್ದಾರೆ ಅಂದುಕೊಂಡೆ. ಅವರು ಮಾಡುವುದು ಮಧ್ಯಾಹ್ನದ ಊಟದ ಹೊತ್ತಿನಲ್ಲೇ ಎಂದು ನನಗೆ ಹೊಳೆದದ್ದು ತಡವಾಗಿ. ಮಾತಿನ ನಡುವೆ ಅಗಿಯುವ ಸದ್ದು ಕೇಳುತ್ತದೆ. ಹಿಂದೆ ಅಕ್ಕ ಪಾತ್ರೆಯ ಮುಚ್ಚಳ ತೆಗೆದು ಇಡುವ ಸದ್ದು ಕೇಳುತ್ತದೆ. ಅವರು ಉಂಡು, ಕೈ ತೊಳೆದು, ಆಮೇಲೂ ಒಂದಿಷ್ಟು ಹೊತ್ತು ಏನೇನೋ ಮಾತಾಡುತ್ತ ಕೂತಿರುತ್ತಾರೆ. ಶೂಟಿಂಗಿನ ನಡುವೆ ಇದ್ದರೂ ನಾನು ಪಕ್ಕಕ್ಕೆ ಹೋಗಿ ನಿಂತುಕೊಂಡು, ಅವರೇ ಇಡುವವರೆಗೆ ಫೋನನ್ನು ಕಿವಿಯಲ್ಲೇ ಇಟ್ಟುಕೊಂಡಿರುತ್ತೇನೆ.