ಫಿರಿಯ ತುರಿಕೆ

ಕೆಲಾಪಿಲೆಗೆ ನಾಯಿಗಳೆಂದರೆ ಪ್ರಾಣ, ನಾಯಿಗಳೆಂದರೆ ಭಯ ಕೂಡ. ಇಪ್ಪತ್ತು ವರ್ಷದ ಹಿಂದೆ ಅವಳ ತಮ್ಮ ಹುಚ್ಚುನಾಯಿ ಕಚ್ಚಿ ಸತ್ತಿದ್ದ. ಆದರೂ ಕಲಹಾರಿ ಮರುಭೂಮಿಯ ಅಂಚಿನ ಆ ಬಯಲಿನಲ್ಲಿ ಚಿರತೆ, ನರಿಗಳ ನಡುವೆ ನಲವತ್ತು ಮೇಕೆ ಸಾಕುವವಳಿಗೆ ನಾಯಿಯಿಲ್ಲದೆ ನಡೆಯುವಂತಿರಲಿಲ್ಲ.

ಅವಳ ನಾಯಿ ಫಿರಿ ಮರಿಯಾಗಿದ್ದಾಗಿನಿಂದ ಮೇಕೆಗಳ ಮಗ್ಗುಲಲ್ಲೇ ಮಲಗಿ ಬೆಳೆದದ್ದು. ಆ ಚಳಿಗಾಲ ಅದು ಕೆರೆದುಕೊಳ್ಳತೊಡಗಿತು. ಮೊದಲು ಕಿವಿಯಂಚು, ಆಮೇಲೆ ಮೊಣಕೈ, ಹೊಟ್ಟೆ. ಕೂದಲು ಉದುರಿತು, ಚರ್ಮ ದಪ್ಪಗಾಗಿ ಹಕ್ಕಳೆಗಟ್ಟಿತು, ಮೈಯಿಂದ ಹುಳಿ ನಾತ ಬರತೊಡಗಿತು. ಅಷ್ಟರಲ್ಲಿ ಕೆಲಾಪಿಲೆಯ ಮುಂಗೈಯಲ್ಲೂ ಕೆಂಪು ಗುಳ್ಳೆಗಳೆದ್ದವು. ತಮ್ಮನ ಸಾವು ನೆನಪಾಯಿತು. ಸ್ವೆಟರ್ ತೋಳು ಕೆಳಗೆಳೆದುಕೊಂಡು ಗುಳ್ಳೆಗಳನ್ನು ಮುಚ್ಚಿಟ್ಟಳು.

ಒಂದು ಬೆಳಿಗ್ಗೆ ತಡೆಯಲಾರದೆ, ದನಗಳ ಉಣ್ಣಿಹುಳಕ್ಕೆ ಹಾಕುವ ಔಷಧಿಯನ್ನು ನಾಯಿಯ ಮೈಗೆಲ್ಲ ಸುರಿದು ತಿಕ್ಕಿದಳು. ಗಟ್ಟಿಯಿದ್ದಷ್ಟೂ ಬೇಗ ವಾಸಿಯಾಗುತ್ತದೆಂದು ನೀರು ಬೆರೆಸಲಿಲ್ಲ.

ಬಿಸಿಲು ನೆತ್ತಿಗೇರುವ ಮೊದಲೇ ಫಿರಿ ತೂರಾಡಿತು. ಮೈ ಅದುರಿತು, ಬಾಯಿಂದ ಜೊಲ್ಲು ದಾರದಂತೆ ಇಳಿಯಿತು. ಬೇಲಿಯಾಚೆ ಹೋಗುತ್ತಿದ್ದ ನೆರೆಯ ಸೆಬಾಕೊ ಅದನ್ನು ಕಂಡವನೇ ಓಡಿಹೋಗಿ ಬಂದೂಕು ತಂದ.

"ಅಕ್ಕಾ, ದೂರ ಸರಿ! ಅದಕ್ಕೆ ಹುಚ್ಚು ಹಿಡಿದಿದೆ."

ಕೆಲಾಪಿಲೆಯ ಕಣ್ಣ ಮುಂದೆ ತಮ್ಮನ ಮುಖ. ಸೆಬಾಕೊ ಬಂದೂಕು ಎತ್ತಿದಾಗ ಅವಳು ಕೂಗಿದಳು.

"ಹೊಡೀಬೇಡ್ವೋ! ಬೆಳಿಗ್ಗೆ ನಾನೇ ದನದ ಔಷಧಿ ಸುರಿದೆ. ನೀರು ಬೆರೆಸ್ಲಿಲ್ಲ."

"ಬೆರೆಸ್ಲಿಲ್ವಾ? ಒಂದು ಮುಚ್ಚಳಕ್ಕೆ ಒಂದು ಬಕೆಟ್ ನೀರು ಕಣಕ್ಕಾ! ತಲೆ ನೆಟ್ಟಗಿದೆಯಾ ನಿಂಗೆ?" ಅವನ ಬಂದೂಕು ಮಾತ್ರ ಇಳಿಯಲಿಲ್ಲ. "ಅಕಸ್ಮಾತ್ ಹುಚ್ಚೇ ಆಗಿದ್ರೆ?"

"ಗೊತ್ತಿಲ್ಲ. ಮೊದಲು ನೀರು ತಾ. ಡಾಕ್ಟ್ರಿಗೆ ಫೋನ್ ಮಾಡು."

ಅವಳು ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು, ನಾಯಿಯ ಕತ್ತನ್ನು ಹಗ್ಗದಿಂದ ಕಂಬಕ್ಕೆ ಬಿಗಿದು, ಬಾಯಿಯ ಹತ್ತಿರ ಸುಳಿಯದೆ ಸೋಪು ಹಚ್ಚಿ ತೊಳೆದಳು. ಒಮ್ಮೆಯಲ್ಲ, ನಾಲ್ಕು ಸಲ. ಸೆಬಾಕೊ ಫೋನ್ ಮಾಡಿ, ಬಂದೂಕನ್ನು ಬೇಲಿಗೊರಗಿಸಿ, ತೋಳುದ್ದ ದೂರದಲ್ಲಿ ನಿಂತು ನೀರು ಸುರಿದ.

ಮಧ್ಯಾಹ್ನ ಪಶುವೈದ್ಯೆ ಪೆಲೊನೊಮಿ ಬಂದು ಸೂಜಿ ಚುಚ್ಚಿದಳು. ಜೊಲ್ಲು ನಿಲ್ಲುವವರೆಗೆ ಯಾರೂ ಕೂರಲಿಲ್ಲ.

ಮೂರನೆಯ ದಿನ ಅವಳು ಮತ್ತೆ ಬಂದು ಫಿರಿಯ ಕಿವಿಯಂಚನ್ನು ಬೆರಳುಗಳ ನಡುವೆ ಉಜ್ಜಿದಳು. ತಕ್ಷಣ ಹಿಂಗಾಲು ಗಾಳಿಯಲ್ಲಿ ಕೆರೆಯತೊಡಗಿತು.

"ನೋಡಿದ್ರಾ? ಇದು ಹುಚ್ಚಲ್ಲ, ಕಜ್ಜಿ. ಕಣ್ಣಿಗೆ ಕಾಣದ ಹುಳ ಚರ್ಮದೊಳಗೆ ಬಿಲ ತೋಡುತ್ತೆ. ತೂಕ ನೋಡಿ ಔಷಧಿ ಕೊಡ್ತೀನಿ. ಸೆಬಾಕೊ ಮನೆ ನಾಯಿಗಳಿಗೂ ಬೇಕು. ಇದು ಮಲಗೋ ಗೋಣಿಚೀಲ ಸುಟ್ಟುಬಿಡಿ." ಆಮೇಲೆ ದನಿ ತಗ್ಗಿಸಿದಳು. "ಎಲ್ಲಿ, ಅಮ್ಮಾ, ನಿಮ್ಮ ತೋಳು ತೋರ್ಸಿ."

ಕೆಲಾಪಿಲೆ ಸ್ವೆಟರ್ ಮೇಲೆತ್ತಿದಳು. "ನಾನೂ ಸಾಯ್ತೀನಾ?"

"ತುರಿಕೆಗೆ ಯಾರೂ ಸಾಯಲ್ಲ. ನಾಯಿ ವಾಸಿಯಾದ್ರೆ ಇದೂ ಹೋಗುತ್ತೆ. ಹೋಗದಿದ್ರೆ ಆಸ್ಪತ್ರೆಗೆ ಹೋಗಿ."

ಒಂದು ತಿಂಗಳು ಹೊತ್ತುಕೊಂಡಿದ್ದ ಹೆದರಿಕೆ ಅವಳನ್ನು ಅಲ್ಲೇ ಕೂರಿಸಿ ಅಳುವಂತೆ ಮಾಡಿತು.

ಆರು ವಾರಕ್ಕೆ ಫಿರಿಯ ಹೊಟ್ಟೆಯ ಮೇಲೆ ನವಿರು ಕೂದಲು ಬಂತು. ಅದು ಮತ್ತೆ ಮೇಕೆಗಳ ಹಿಂದೆ ಹೋಗತೊಡಗಿತು. ಕೆಲಾಪಿಲೆ ಮಾತ್ರ ವಾರಕ್ಕೊಮ್ಮೆ ಅದರ ಕಿವಿ ಮಡಚಿ ನೋಡುತ್ತಾಳೆ, ಉಸಿರು ಬಿಗಿಹಿಡಿದು.