ಎತ್ತು ಮಾತ್ರ ಸ್ಪಷ್ಟವಾಗಿ ಬಂದಿತ್ತು

ನಾನು ಕಲ್ಯಾಣದುರ್ಗದಿಂದ ಹಿಂದೂಪುರಕ್ಕೆ ಸೊಸೆಯಾಗಿ ಬಂದ ಮರುವರ್ಷ ನಮ್ಮ ಮನೆಗೊಂದು ಕ್ಯಾಮೆರಾ ಬಂತು. ಎರಡನೇ ಮಹಾಯುದ್ಧ ಆಗತಾನೆ ಮುಗಿದಿತ್ತು. ನಮ್ಮ ಮಾವನವರದು ಹುಣಸೆಹಣ್ಣಿನ ಮಂಡಿ. ಬೆಂಗಳೂರಿನಿಂದ ಹಣ್ಣು ಕೊಳ್ಳಲು ಬರುತ್ತಿದ್ದ ಸಾಹುಕಾರರೊಬ್ಬರು ನನ್ನ ಗಂಡನ ಮೇಲಿನ ವಿಶ್ವಾಸಕ್ಕೆ ಅದನ್ನು ಕೊಟ್ಟು ಹೋಗಿದ್ದರು. ಕಪ್ಪು ಡಬ್ಬಿ. ಮುಂದೆ ಒಂದು ಗಾಜಿನ ಕಣ್ಣು, ಪಕ್ಕದಲ್ಲಿ ಸಣ್ಣ ಕಡ್ಡಿ, ಮೇಲೆ ಹೆಬ್ಬೆರಳಿನ ಗಾತ್ರದ ಗಾಜಿನ ಕಿಂಡಿ. ಡಬ್ಬಿಯನ್ನು ಹೊಟ್ಟೆಗೆ ಆನಿಸಿ ಹಿಡಿದು, ತಲೆ ಬಗ್ಗಿಸಿ ಕಿಂಡಿಯಲ್ಲಿ ನೋಡಿ, ಕಡ್ಡಿ ಒತ್ತಿದರೆ ಆಯಿತು. ತಿರುಗಿಸಿ ಹೊಂದಿಸುವ ಕೆಲಸವೇ ಇಲ್ಲ. “ಇದಕ್ಕೆ ಬುದ್ಧಿ ಬೇಕಾಗಿಲ್ಲ, ಯಾರು ಬೇಕಾದರೂ ತೆಗೀಬಹುದು” ಎಂದು ಸಾಹುಕಾರರು ಹೇಳಿದ್ದರಂತೆ. ಈ ಮಾತನ್ನು ನನ್ನ ಗಂಡ ಬಹಳ ಹೆಮ್ಮೆಯಿಂದ ನಮಗೆಲ್ಲ ಹೇಳಿದರು.

ಅವರು ತೆಗೆದ ಮೊದಲ ರೋಲು ಬೆಂಗಳೂರಿನಲ್ಲಿ ತೊಳೆಸಿಕೊಂಡು ಬಂದಾಗ ಮನೆಯವರೆಲ್ಲ ಜಗುಲಿಯಲ್ಲಿ ಸುತ್ತ ಕೂತು ನೋಡಿದೆವು. ಎಲ್ಲ ಚಿತ್ರಗಳಲ್ಲೂ ಮಂಜು. ನಮ್ಮೂರಲ್ಲಿ ಅಷ್ಟು ಮಂಜನ್ನು ಯಾರೂ ಕಂಡಿರಲಿಲ್ಲ. ಮಂಜಿನೊಳಗೆ ಮಾವನವರಿಗೆ ಎರಡು ಮೂಗು, ಅತ್ತೆಗೆ ನಾಲ್ಕು ಕಣ್ಣು.

“ಕೈಲಾಸದಾಗೆ ಕೂತಂಗೆ ಬಂದದೆ ಕಣಪ್ಪ” ಎಂದರು ಅತ್ತೆ. ಅವರಿಗೆ ದೃಷ್ಟಿ ಅಷ್ಟಕ್ಕಷ್ಟೆ.

“ಅಲ್ಲಾಡ್ಬ್ಯಾಡಿ ಅಲ್ಲಾಡ್ಬ್ಯಾಡಿ ಅಂತ ಬಡ್ಕೊಂಡೆ. ಎಲ್ರೂ ಅಲ್ಲಾಡಿದ್ರಿ!” ಎಂದು ನನ್ನ ಗಂಡ ರೇಗಿದರು.

ಮಂಜಿನ ಕಾರಣ ನನಗೆ ಮಾರನೆಯ ದಿನ ತಿಳಿಯಿತು. ಆಯುಧಪೂಜೆಯಲ್ಲಿ ತಕ್ಕಡಿ, ತೂಕದ ಕಲ್ಲು, ಗಾಡಿ ಎಲ್ಲಕ್ಕೂ ವಿಭೂತಿ ಹಚ್ಚಿದ ಹಾಗೆ ಕ್ಯಾಮೆರಾದ ಹಣೆಗೂ ಮೂರು ಗೆರೆ ಎಳೆದಿದ್ದರು. ನಡುವಿನ ಗೆರೆ ಸರಿಯಾಗಿ ಗಾಜಿನ ಕಣ್ಣಿನ ಮೇಲೆ ಹಾದುಹೋಗಿತ್ತು. ಹಳೆಯ ಮೆತ್ತನೆ ಬಟ್ಟೆಯಿಂದ ನಾನೇ ಒರೆಸಿದೆ. ದೇವರ ವಿಭೂತಿ ಒರೆಸಿದೆನೆಂದು ಅತ್ತೆ ಎರಡು ದಿನ ಮುಖ ಗಂಟಿಕ್ಕಿಕೊಂಡಿದ್ದರು.

ಅದೇ ಸಮಯಕ್ಕೆ ನನ್ನ ನಾದಿನಿಗೆ ಸಂಬಂಧ ಹುಡುಕುತ್ತಿದ್ದರು. ಕಲ್ಯಾಣದುರ್ಗದಲ್ಲಿ ನನ್ನ ತವರಿನ ಬೀದಿಯಲ್ಲೇ ಇದ್ದ ಒಂದು ಬೇಸಾಯದ ಮನೆಯ ಹುಡುಗನ ವಿಷಯ ನಮ್ಮ ಚಿಕ್ಕಪ್ಪ ತಂದರು. ಹುಡುಗನ ಮನೆಯವರು ಮೊದಲು ಹುಡುಗಿಯ ಫೋಟೋ ಕೇಳಿದ್ದರು. ಹಿಂದೂಪುರದಲ್ಲಿ ಸ್ಟುಡಿಯೋ ಇತ್ತು. ಅದರ ಪರದೆಯ ಮೇಲೆ ದೊರೆಗಳ ಬಂಗಲೆಯ ಮೆಟ್ಟಿಲು ಬರೆದಿತ್ತು. ಊರಿನ ಮದುವೆಯ ವಯಸ್ಸಿನ ಹುಡುಗಿಯರೆಲ್ಲ ಅದೇ ಮೆಟ್ಟಿಲಿನ ಮುಂದೆ ನಿಂತು ತೆಗೆಸಿಕೊಂಡವರೇ.

“ಆ ಮೆಟ್ಲು ಬ್ಯಾಡ” ಎಂದರು ಅತ್ತೆ. “ಆ ಮೆಟ್ಲತ್ರ ನಿಂತ ಒಬ್ಬ ಹುಡ್ಗೀನ ಅವ್ರು ಆಗ್ಲೇ ಬ್ಯಾಡ ಅಂದವ್ರಂತೆ.”

“ಮನೇಲಿ ನನ್ ಕ್ಯಾಮೆರಾ ಇರುವಾಗ ಸ್ಟುಡಿಯೋ ಯಾಕೆ?” ಎಂದರು ನನ್ನ ಗಂಡ.

ಮಂಡಿಯ ಅಂಗಳದಲ್ಲಿ ನಾದಿನಿಯನ್ನು ರೇಷ್ಮೆ ಸೀರೆ ಉಡಿಸಿ ನಿಲ್ಲಿಸಿದೆವು. ಹಿಂದೆ, ಹುಣಸೆಹಣ್ಣು ಇಳಿಸಿದ ಗಾಡಿಯ ಆಚೆ, ನಮ್ಮ ಬಿಳಿ ಎತ್ತು ಮೆಲುಕು ಹಾಕುತ್ತಿತ್ತು. ಆ ಕಿಂಡಿಯಲ್ಲಿ ಎಡ ಬಲವಾಗಿ, ಬಲ ಎಡವಾಗಿ ಕಾಣುತ್ತದೆ. ಹಾಗಾಗಿ ನನ್ನ ಗಂಡ ತಂಗಿಯನ್ನು ನಡುವೆ ತರಲು ಎಡಕ್ಕೆ ಸರಿದರೆ ಅವಳು ಇನ್ನೂ ಆಚೆ ಹೋಗುವಳು. ಬಲಕ್ಕೆ ಸರಿದು ಒಮ್ಮೆ ಹುಣಸೆ ಬುಟ್ಟಿಯೊಳಗೆ ಕಾಲಿಟ್ಟರು. ಕೊನೆಗೆ ಜಗುಲಿಯ ಕಂಬಕ್ಕೆ ಬೆನ್ನು ಕೊಟ್ಟು ನಿಂತರು. ಮುಖ ದೊಡ್ಡದಾಗಿ ಕಾಣಬೇಕೆಂದು ನಾದಿನಿಯನ್ನೇ ಹತ್ತಿರ ಕರೆದರು. ಇನ್ನೂ ಹತ್ತಿರ. ಕೈ ಚಾಚಿದರೆ ಅವಳ ಮೂಗುತಿ ಮುಟ್ಟಬಹುದಾಗಿತ್ತು. ಆಗ ಕಡ್ಡಿ ಒತ್ತಿದರು.

ಆ ಚಿತ್ರ ಬಂದಾಗ ಮಂಜು ಇರಲಿಲ್ಲ. ಗಾಡಿಯ ಚಕ್ರದ ಅರಗಳನ್ನು ಎಣಿಸಬಹುದಾಗಿತ್ತು. ಎತ್ತಿನ ಕೊಂಬು, ಡುಬ್ಬ, ಕೊರಳಿನ ಗಂಟೆ, ಎಲ್ಲ ಕೆತ್ತಿಟ್ಟಂತೆ ಇದ್ದವು. ಎತ್ತಿನ ಮುಂದೆ ಬಿಳಿಯದೊಂದು ಆಕಾರ ಕರಗುತ್ತಿರುವ ಬೆಣ್ಣೆಯ ಹಾಗೆ ನಿಂತಿತ್ತು. ಅದು ನನ್ನ ನಾದಿನಿ.

“ಇದು ಈಗಿನ ಬೆಂಗ್ಳೂರು ಫ್ಯಾಷನ್ನು. ಹೆಣ್ಮಕ್ಕಳನ್ನ ಹಿಂಗೇ ಮೆತ್ತಗೆ ತೆಗೀತಾರೆ” ಎಂದರು ನನ್ನ ಗಂಡ. ಹೊಸ ರೋಲು ಎಲ್ಲೂ ಸಿಗುತ್ತಿರಲಿಲ್ಲ. ಕಲ್ಯಾಣದುರ್ಗದವರು ಕಾಯುತ್ತಿದ್ದರು. ಚಿಕ್ಕಪ್ಪ ಅದನ್ನೇ ತೆಗೆದುಕೊಂಡು ಹೋದರು.

ವಾರ ಕಳೆದು ಚಿಕ್ಕಪ್ಪ ಬಸ್ಸಿಳಿದು ಬಂದರು. ಕಾಲು ತೊಳೆದರು, ನೀರು ಕುಡಿದರು, ಇನ್ನೊಂದು ಲೋಟ ಕೇಳಿದರು. ಮಾವನವರೇ ಕೇಳಿದರು: “ಏನಂದ್ರಪ್ಪ?”

“ಹುಡುಗನ ಅಪ್ಪ ಫೋಟೋನ ಬಿಸಿಲಿಗೆ ತಂದು ನೋಡಿದ್ರು. ಬಾಳ ಹೊತ್ತು ನೋಡಿದ್ರು. ‘ಎದ್ದು ಶಾನಾ ಬಾಗುಂದಿ’ ಅಂದ್ರು.”

“ಎತ್ತಾ?”

“ಎತ್ತೇ. ಬಾಳ ಚೆನ್ನಾಗೈತಂತೆ. ಯಾವ ಸಂತೇಲಿ ತಂದಿದ್ದು, ಜೊತೆ ಎತ್ತೂ ಹಿಂಗೇ ಐತಾ, ಕೊಡೋ ಮನಸೈತಾ, ಕೇಳ್ಕಂಡು ಬಾ ಅಂದವ್ರೆ.”

“ಹುಡ್ಗಿ?” ಎಂದರು ಅತ್ತೆ.

ಚಿಕ್ಕಪ್ಪ ತಲೆ ತಗ್ಗಿಸಿದರು. “ಹುಡ್ಗಿ ಎಲ್ಲವ್ಳೆ ಅಂದ್ರು ಕಣಮ್ಮ.”

ಬಾಗಿಲ ಹಿಂದೆ ನಿಂತಿದ್ದ ನಾದಿನಿಗೆ ನಗು ತಡೆಯಲಾಗಲಿಲ್ಲ. ಸೆರಗು ಬಾಯಿಗೆ ತುರುಕಿಕೊಂಡರೂ ಬಿಕ್ಕಳಿಕೆ ಬಂತು. ನನ್ನ ಗಂಡನಿಗೆ ಅವಮಾನದಿಂದ ಕಿವಿ ಕೆಂಪಾಯಿತು. “ಇವ್ಳು ಅಲ್ಲಾಡಿದ್ಲು, ಅದಕ್ಕೇ!” ಎಂದು ಕೂಗಿದರು.

“ನಾನು ಉಸಿರೂ ಬಿಡ್ಲಿಲ್ಲ ಕಣಣ್ಣಾ. ಅಲ್ಲಾಡಿದ್ದು ಎತ್ತು. ಅದು ಮೆಲುಕು ಹಾಕ್ತಾನೇ ಇತ್ತು. ಆದ್ರೂ ಅದೇ ಚೆನ್ನಾಗಿ ಬಂದದೆ” ಎಂದಳು ಅವಳು. ಹಾಗೆ ಹೇಳಿದವಳೇ ನಗು ನಿಲ್ಲಿಸಿ ಚಿತ್ರವನ್ನು ಕೈಗೆ ತೆಗೆದುಕೊಂಡು ಮತ್ತೆ ನೋಡಿದಳು. “ಎತ್ತು ದೂರ ಇತ್ತು. ನಾನು ಹತ್ರ ಇದ್ದೆ. ಇದಕ್ಕೆ ಅಮ್ಮನ ಕಣ್ಣಿನಂಗೆ ಹತ್ರದ್ದು ಕಾಣ್ಸಲ್ಲ ಅನ್ಸತ್ತೆ.”

ಅಂದಿನಿಂದ ಕ್ಯಾಮೆರಾ ಅವಳ ಕೈಗೆ ಹೋಯಿತು. ರೋಲು ಇರಲಿಲ್ಲ, ಖಾಲಿ ಡಬ್ಬಿಯಲ್ಲೇ ಅಭ್ಯಾಸ ಮಾಡಿದಳು. ಒಂದು ಮಧ್ಯಾಹ್ನ ಅಣ್ಣನನ್ನು ಕರೆದು ಕ್ಯಾಮೆರಾ ಕೊಟ್ಟಳು. ಅದರ ಮೇಲೆ ತಟ್ಟೆ ಇಟ್ಟು, ತಟ್ಟೆಯಲ್ಲಿ ಸಣ್ಣ ಬಟ್ಟಲಿಟ್ಟು, ಅಂಚಿನವರೆಗೆ ನೀರು ತುಂಬಿದಳು.

“ಈಗ ಒತ್ತು.”

ನನ್ನ ಗಂಡ ಒತ್ತಿದರು. ಅವರದು ಮೂಟೆಗೆ ಕೊಕ್ಕೆ ಹಾಕಿ ಎಳೆಯುವ ಕೈ. ಕಡ್ಡಿ ಒತ್ತುವಾಗ ಭುಜ, ಮೊಣಕೈ, ಹೊಟ್ಟೆ ಎಲ್ಲ ಒಟ್ಟಿಗೆ ಕುಣಿದವು. ತಟ್ಟೆ ಮಗುಚಿ ನೀರೆಲ್ಲ ಅವರ ಪಂಚೆಗೆ ಹೋಯಿತು. ನಾದಿನಿ ಮತ್ತೆ ನೀರು ತುಂಬಿಸಿ ತಾನು ಹಿಡಿದಳು. ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡಳು, ಉಸಿರು ಬಿಟ್ಟು ತಡೆದಳು, ಮೊಸರಿನ ಪಾತ್ರೆ ಕದಡದಂತೆ ಸರಿಸುವ ಹಾಗೆ ಕಡ್ಡಿಯನ್ನು ಮೆಲ್ಲಗೆ ಒತ್ತಿದಳು. ಹನಿಯೂ ಚೆಲ್ಲಲಿಲ್ಲ.

“ಹಂಗಾದ್ರೆ ಆ ಎರಡು ಮೂಗು ನಮ್ ತಪ್ಪಲ್ಲ ಬಿಡು” ಎಂದರು ಮಾವನವರು. ನನ್ನ ಗಂಡ ಪಂಚೆ ಬದಲಾಯಿಸಲು ಒಳಗೆ ಹೋದವರು ಊಟಕ್ಕೆ ಕರೆದರೂ ಬರಲಿಲ್ಲ.

ಚೈತ್ರದಲ್ಲಿ ನನ್ನ ತಮ್ಮನ ಮಗುವಿನ ನಾಮಕರಣಕ್ಕೆ ನಾನು ತವರಿಗೆ ಹೊರಟೆ. ನಾದಿನಿಯನ್ನೂ ಕಳಿಸಿದರು. ಹುಡುಗನ ಕಡೆಯವರು ಊಟಕ್ಕೆ ಬರುತ್ತಾರೆ, ಅಲ್ಲೇ ಹುಡುಗಿಯನ್ನು ನೋಡಲಿ ಎಂಬುದು ಅತ್ತೆಯ ಲೆಕ್ಕಾಚಾರ. ನಾದಿನಿ ಮಾತ್ರ ಅಣ್ಣನನ್ನು ಕಾಡಿ ಬೆಂಗಳೂರಿನಿಂದ ಒಂದು ರೋಲು ತರಿಸಿಕೊಂಡಿದ್ದಳು. ಆಗಿನ್ನೂ ಬಸ್ಸುಗಳು ಇದ್ದಿಲ ಗ್ಯಾಸಿನಲ್ಲಿ ಓಡುತ್ತಿದ್ದವು. ಸೋಮಂದೇಪಲ್ಲಿಯ ದಿಣ್ಣೆ ಹತ್ತುವಾಗ ಎಲ್ಲರೂ ಇಳಿದು ತಳ್ಳಬೇಕಾಯಿತು. ನಾದಿನಿ ಒಂದು ಕೈಯಲ್ಲಿ ಬಸ್ಸು ತಳ್ಳಿದಳು. ಇನ್ನೊಂದು ಕೈಯಲ್ಲಿ ಕ್ಯಾಮೆರಾ ಎದೆಗೆ ಅಪ್ಪಿಕೊಂಡಿದ್ದಳು.

ನಾಮಕರಣದ ಒಬ್ಬಟ್ಟಿನ ಊಟ ಮುಗಿದು ಗಂಡಸರು ಅಂಗಳದಲ್ಲಿ ಎಲೆಅಡಿಕೆ ಹಾಕುತ್ತಿದ್ದರು. ಹುಡುಗನೂ ಇದ್ದ. ನೀಳವಾದ ಆಳು, ಮೈಗೆ ದೊಡ್ಡದಾದ ಕೋಟು. ನಾದಿನಿ ನಮ್ಮ ಚಿಕ್ಕಪ್ಪನ ಹತ್ತಿರ ಹೋಗಿ, ಎಲ್ಲರಿಗೂ ಕೇಳುವಂತೆಯೇ ಹೇಳಿದಳು: “ಅವ್ರು ನನ್ ಫೋಟೋ ಕೇಳಿದ್ರಲ್ಲ ಮಾವ. ನಾನೂ ಅವ್ರದ್ದು ಒಂದು ತಗೊಂಡು ಹೋಯ್ತೀನಿ.”

ನಮ್ಮಮ್ಮ ಅಡುಗೆಮನೆ ಬಾಗಿಲಲ್ಲೇ ಹಣೆ ಚಚ್ಚಿಕೊಂಡರು. ನಾನು ಎತ್ತ ನೋಡಬೇಕೆಂದು ತಿಳಿಯದೆ ತೊಟ್ಟಿಲು ತೂಗತೊಡಗಿದೆ. ಮಗು ಅದರಲ್ಲಿ ಇರಲೇ ಇಲ್ಲ. ಅಷ್ಟರಲ್ಲಿ ಹುಡುಗನ ತಂದೆ ಗಹಗಹಿಸಿ ನಕ್ಕರು.

“ತಗೊಳ್ಳಮ್ಮಾ, ತಗೊ. ಎತ್ತಿನ ಪಕ್ಕ ನಿಲ್ಲಿಸಬ್ಯಾಡ, ಅಷ್ಟೇ. ನಮ್ಮೋನು ಕಾಣಂಗಿಲ್ಲ.”

ಅವಳು ಹುಡುಗನನ್ನು ಬಿಸಿಲಿಗೆ ಮುಖ ಕೊಟ್ಟು ನಿಲ್ಲಿಸಿದಳು. ಗಾಡಿಯ ಮುಂದಿನ ಮೂಕಿಮರದ ಉದ್ದದಷ್ಟು ದೂರ ಹಿಂದಕ್ಕೆ ಬಂದಳು. ಕ್ಯಾಮೆರಾವನ್ನು ಜಗುಲಿಯ ಕಟ್ಟೆಯ ಮೇಲಿಟ್ಟು ಬಗ್ಗಿದಳು.

“ಅಲ್ಲಾಡ್ಬ್ಯಾಡಿ” ಎಂದಳು.

ಹುಡುಗ ನಿಂತ. ಕಟ್ಟೆ ಓರೆಯಿತ್ತೆಂದು ಅವಳು ಕ್ಯಾಮೆರಾದ ಕೆಳಗೆ ಅಡಿಕೆ ಹೋಳು ಸಿಕ್ಕಿಸಿದಳು. ಅಡ್ಡ ಬಂದ ಕೋಳಿಯನ್ನು ಓಡಿಸಿದಳು. ಹುಡುಗ ನಿಂತೇ ಇದ್ದ. ಕಡ್ಡಿ ಒತ್ತಿದಳು, ಕಿಟಕ್ ಎಂದಿತು, ಅವಳು ಒಳಗೆ ಬಂದುಬಿಟ್ಟಳು. ಆಯಿತೆಂದು ಯಾರೂ ಹೇಳದ ಕಾರಣ ಅವನು ಇನ್ನೂ ಸ್ವಲ್ಪ ಹೊತ್ತು ಹಾಗೇ ನಿಂತಿದ್ದ. ಕೊನೆಗೆ ಅವರಪ್ಪನೇ ಹೋಗಿ, “ಬಾರ್ಲಾ, ಮುಗೀತು” ಎಂದು ತೋಳು ಹಿಡಿದು ಕರೆತಂದರು.

ಹಿಂದೂಪುರದಲ್ಲಿ ಆ ಚಿತ್ರ ಕೈಗೆ ಬಂದ ದಿನ ಮಂಡಿಯಲ್ಲಿ ಕೆಲಸ ನಿಂತಿತು. ಹಣೆಯ ವಿಭೂತಿಯ ಮೂರು ಗೆರೆ ಬೇರೆಬೇರೆಯಾಗಿ ಕಾಣುತ್ತಿದ್ದವು. ಕೋಟಿನ ತೋಳು ಬೆರಳ ತುದಿಯವರೆಗೆ ಇಳಿದಿದ್ದರಿಂದ ಅದು ಎರವಲು ಕೋಟೆಂದು ಯಾರಿಗಾದರೂ ಗೊತ್ತಾಗುತ್ತಿತ್ತು. ನನ್ನ ಗಂಡ ಬಹಳ ಹೊತ್ತು ನೋಡಿ, “ಪರವಾಗಿಲ್ಲ” ಎಂದರು. ಅತ್ತೆ ಮಾತ್ರ ಚಿತ್ರವನ್ನು ತೋಳುದ್ದ ದೂರ ಹಿಡಿದು ನೋಡಿ ಚೀರಿದರು.

“ಅಯ್ಯೋ, ಕೆನ್ನೆ ಮ್ಯಾಲೆ ಇಷ್ಟು ದಪ್ಪ ಮಚ್ಚೆ ಐತೆ! ನಿಮ್ ಚಿಕ್ಕಪ್ಪ ಒಂದು ಮಾತು ಹೇಳ್ಬಾರ್ದಾ?”

ನನಗೆ ಮಚ್ಚೆಯ ನೆನಪಿರಲಿಲ್ಲ. ಮಾವನವರು ಹಣ್ಣಿನ ನಾರು ಪರೀಕ್ಷಿಸುವ ಭೂತಗನ್ನಡಿ ತಂದರು. ಒಬ್ಬೊಬ್ಬರಾಗಿ ನೋಡಿದೆವು. ಮಚ್ಚೆಗೆ ರೆಕ್ಕೆ ಇತ್ತು. ಒಬ್ಬಟ್ಟು ತಿಂದ ಬಾಯಿಗೆ ಮುತ್ತಿದ ನೊಣ ಕೆನ್ನೆಯ ಮೇಲೆ ಕೂತಿತ್ತು.

ನಾದಿನಿ ಕೊನೆಯಲ್ಲಿ ನೋಡಿದಳು. ಅವಳು ನಗುತ್ತಾಳೆಂದು ನಾನು ಕಾದೆ. ನಗಲಿಲ್ಲ. ಸಂಜೆ ನಾವಿಬ್ಬರೇ ಹುಣಸೆಬೀಜ ಬಿಡಿಸುತ್ತಿದ್ದಾಗ ಹೇಳಿದಳು: “ಇವ್ರನ್ನೇ ಮಾಡ್ಕೋತೀನಿ ಕಣತ್ತಿಗೆ.”

“ನೊಣ ಕೂತಿದ್ದಕ್ಕಾ?”

“ನೊಣ ಕೂತ್ರೂ ನಿಂತಿದ್ರಲ್ಲ. ನಾನು ಒಂದು ಮಾತು ಹೇಳಿದ್ದೆ, ಅಷ್ಟೇ. ನಮ್ಮನೇಲಿ ನನ್ ಮಾತು ಯಾರು ಕೇಳ್ತಾರೆ ಹೇಳು.”

ವೈಶಾಖದಲ್ಲಿ ನಮ್ಮ ಮಂಡಿಯ ಅಂಗಳದಲ್ಲೇ ಚಪ್ಪರ ಹಾಕಿ ಮದುವೆ ಮಾಡಿದೆವು. ಸ್ಟುಡಿಯೋದವರು ಮುಕ್ಕಾಲಿಯ ದೊಡ್ಡ ಕ್ಯಾಮೆರಾ, ಕರಿಬಟ್ಟೆ ತಂದು ಎಲ್ಲರನ್ನೂ ಚಪ್ಪರದ ಹೊರಗೆ ಸಾಲಾಗಿ ಕೂರಿಸಿದರು. ಬಾಸಿಂಗ ಕಟ್ಟಿಕೊಂಡು ತಲೆ ತಗ್ಗಿಸಿ ಕೂತಿರಬೇಕಾದ ಮದುಮಗಳು, “ಬಿಸಿಲು ನಮ್ಮ ಬೆನ್ನಿಗೆ ಐತೆ, ಮುಖ ಕಪ್ಪಾಯ್ತದೆ. ಆ ಕಡೆಯಿಂದ ತೆಗೀರಿ” ಎಂದಳು.

“ನೀನೇ ತೆಗೀತೀಯೇನಮ್ಮ?” ಎಂದು ಅವರು ಕರಿಬಟ್ಟೆಯೊಳಗಿಂದ ಕೇಳಿದರು.

ಅವಳು ನಿಜವಾಗಿಯೂ ಏಳಲು ಹೊರಟಳು. ಅತ್ತೆ ಭುಜ ಅದುಮಿ ಕೂರಿಸಿದರು. ಪಕ್ಕದಲ್ಲಿದ್ದ ಮದುಮಗ, “ಅವ್ರು ಹೇಳ್ದಂಗೆ ಮಾಡಿ ಸ್ವಾಮಿ” ಎಂದ. ಇಡೀ ಸಾಲು ಎದ್ದು ಕುರ್ಚಿಗಳನ್ನು ಹೊತ್ತು ಆ ಕಡೆಗೆ ಹೋಗಿ ಕೂತೆವು.

ಅವಳನ್ನು ಗಂಡನ ಮನೆಗೆ ಕಳಿಸುವ ದಿನ ನನ್ನ ಗಂಡ ಕ್ಯಾಮೆರಾವನ್ನು ಪಂಚೆಯಲ್ಲಿ ಸುತ್ತಿ ಅವಳ ಟ್ರಂಕಿನೊಳಗೆ ತಾವೇ ಇಟ್ಟರು. ಮಂಡಿಯ ಕೆಲಸದಲ್ಲಿ ತಮಗೆ ಪುರುಸೊತ್ತಿಲ್ಲ ಎಂದರು. ನನ್ನ ಮಕ್ಕಳ ಎಳೆತನದ ಚಿತ್ರಗಳೆಲ್ಲ ಕಲ್ಯಾಣದುರ್ಗದ ಬಿಸಿಲಿನಲ್ಲಿ ತೆಗೆದವೇ. ಅದಕ್ಕೆಂದೇ ಅವರನ್ನು ಕಂಕುಳಲ್ಲಿ ಎತ್ತಿಕೊಂಡು ಬಸ್ಸು ಹತ್ತುತ್ತಿದ್ದೆ.