ಗ್ಯಾಸಿನ ಪೈಪಿಗೆ ದಾಡಿ ಮಾಡುತ್ತಿದ್ದವರು

ಕಳೆದ ವಾರ ಯಾದಗಿರಿಯಲ್ಲಿ, ಶಾಲಾ ಶಿಕ್ಷಕಿಯಾದ ತಂಗಿಯ ಮಗಳ ಬಾಡಿಗೆ ಮನೆಯ ಬಚ್ಚಲಿನಲ್ಲಿ ನಿಂತು ದಾಡಿಗೆ ನೊರೆ ಕಲಸುತ್ತಿದ್ದೆ. ಬ್ರಷ್ಷಿನಿಂದ ಸಾಬೂನಿನ ವಾಸನೆ ಎದ್ದದ್ದೇ ತಡ, ಶಹಾಪುರದ ಉಸ್ತಾದರು ನೆನಪಾದರು... ನನ್ನ ಕೆನ್ನೆಯನ್ನು ಅವರು ಎಂದೂ ಮುಟ್ಟಿದವರಲ್ಲ. ವರ್ಷಕ್ಕೊಮ್ಮೆ ಅವರು ದಾಡಿ ಮಾಡುತ್ತಿದ್ದುದು ನಮ್ಮ ಗ್ಯಾಸಿನ ಪೈಪಿಗೆ.

ಬಸ್‌ಸ್ಟ್ಯಾಂಡಿನ ಹಿಂದೆ ಅವರದೊಂದು ಗೂಡಂಗಡಿ ಇತ್ತು. ಸೀಮೆಎಣ್ಣೆ ಸ್ಟೋವಿಗೆ ಪಿನ್ನು ಹಾಕುವುದರಿಂದ ಶುರು ಮಾಡಿ ಗ್ಯಾಸ್ ಗೀಸರಿನವರೆಗೆ ಬಂದಿದ್ದರು. ಊರೆಲ್ಲ ಉಸ್ತಾದ್ ಎಂದೇ ಕರೆಯುತ್ತಿತ್ತು. ಚಳಿಗಾಲದ ಬಾಯಿಗೆ ಕರೆಯದೆಯೇ ಬರುತ್ತಿದ್ದರು; ಚೀಲದಲ್ಲಿ ನಟ್ಟು ತಿರುಗಿಸುವ ಪಾನಾ, ತಂತಿಬ್ರಷ್ಷು, ಒಂದು ಹಿತ್ತಾಳೆ ಬಟ್ಟಲು ಮತ್ತು ಆ ದಾಡಿಬ್ರಷ್ಷು.

ಗೀಸರ್ ಬಂದ್ ಮಾಡುವುದು ಅವರ ಮಟ್ಟಿಗೆ ಒಂದು ವಿಧಿ. ನಲ್ಲಿ ಹರಿಯುತ್ತಿರುವಾಗಲೇ ಮೊದಲು ಸಿಲಿಂಡರಿನ ರೆಗ್ಯುಲೇಟರ್ ತಿರುಗಿಸಬೇಕು. ಪೈಪಿನಲ್ಲಿ ಉಳಿದ ಗ್ಯಾಸು ಉರಿದು ತಾನಾಗಿ ಆರಬೇಕು. ಆಮೇಲೆ ಗೀಸರಿನ ಗುಂಡಿ, ಕೊನೆಗೆ ನಲ್ಲಿ. ಕಿಡಿ ಹೊತ್ತಿಸುವ ಎರಡು ದಪ್ಪ ಸೆಲ್ಲು ಹೊರಕ್ಕೆ. ಆಮೇಲೆ ಚಹಾ. ಅದು ನಮ್ಮ ಉಪಚಾರವಲ್ಲ, ಗೀಸರು ತಣ್ಣಗಾಗುವ ಅವಧಿ. ಚಹಾ ಮುಗಿಯದೆ ಅವರು ಮುಚ್ಚಳ ಬಿಚ್ಚಿದ್ದನ್ನು ನಾನು ಕಂಡಿಲ್ಲ. ಬರ್ನರಿನ ಮಸಿ ಉಜ್ಜಿ, ಎಲ್ಲ ಜೋಡಿಸಿ, ಗ್ಯಾಸು ಬಿಟ್ಟು, ಪೈಪಿನ ಒಂದೊಂದು ಜೋಡಣೆಗೂ ನೊರೆ ಬಳಿದು ಕಣ್ಣಿಟ್ಟು ಕೂರುತ್ತಿದ್ದರು. ಗುಳ್ಳೆ ಎದ್ದರೆ ಸೋರುತ್ತಿದೆ ಎಂದು ಅರ್ಥ.

"ಕೆಲವ್ರು ಕಡ್ಡಿ ಗೀರಿ ನೋಡ್ತಾರ್ರಿ. ಅಂಥವ್ರಿಗಿ ಆಮ್ಯಾಲ ಹುಬ್ಬು ಇರಂಗಿಲ್ಲ" ಎನ್ನುತ್ತಿದ್ದರು.

ಇಪ್ಪತ್ತೈದು ವರ್ಷದ ಹಿಂದಿನ ಒಂದು ಚಳಿಗಾಲದಲ್ಲಿ ತಂಗಿ ಚೊಚ್ಚಲ ಬಾಣಂತನಕ್ಕೆ ಮನೆಗೆ ಬಂದಿದ್ದಳು. ಬಾಣಂತಿಗೆ ಗಾಳಿ ಬಡಿಯಬಾರದು ಎಂಬುದು ನಮ್ಮ ಅವ್ವನ ರಾಜ್ಯದ ಮೊದಲ ಕಾಯ್ದೆ. ಅಪ್ಪಣೆಯಾದಂತೆ ನಾನು ಬಚ್ಚಲಿನ ಕಿಟಕಿಗೆ ಎರಡು ಪದರ ಗೋಣಿಚೀಲ ಇಟ್ಟು ಮೊಳೆ ಜಡಿದೆ. ಬಾಗಿಲ ಸಂದಿಗೆ ಹಳೆ ಸೀರೆ ತುರುಕಿದೆ. ಒಳಗೆ ಗೋಡೆಯ ಮೇಲೆ ಗೀಸರು ಭುಸುಗುಡುತ್ತಿತ್ತು... ಯಾರಿಗೂ ಏನೂ ಅನ್ನಿಸಲಿಲ್ಲ.

ಎರಡು ದಿನ ತಂಗಿ ಎರೆದುಕೊಂಡು ಹೊರಬಂದವಳೇ ತಲೆ ಹಿಡಿದು ಕುಸಿದಳು, ವಾಂತಿ ಮಾಡಿಕೊಂಡಳು. ಅವ್ವ ಉಪ್ಪು ಮೆಣಸಿನಕಾಯಿ ಇಳಿಸಿ ದೃಷ್ಟಿ ತೆಗೆದಳು. ನಾನು ರಕ್ತ ಕಡಿಮೆಯಾಗಿದೆ ಎಂದು ಗಂಭೀರವಾಗಿ ತೀರ್ಪು ಕೊಟ್ಟೆ. ಮೂರನೆಯ ದಿನ ಚಳಿ ಹೆಚ್ಚಿತ್ತು. ಅಂಗಳದಲ್ಲಿ ಕಾಲ ಮೇಲೆ ಹಾಕಿಕೊಂಡು ಎರೆಯುತ್ತಿದ್ದ ಕೂಸನ್ನೂ ಅವತ್ತು ಒಳಗೇ ಎರೆಯುವುದೆಂದಾಯಿತು. ಅಷ್ಟರಲ್ಲಿ ಉಸ್ತಾದರು ಚೀಲ ಹಿಡಿದು ಬಂದರು.

ನಲ್ಲಿ ತಿರುಗಿಸಿ ಉರಿ ನೋಡಿದರು. ನೀಲಿ ಇರಬೇಕಾದದ್ದು ಅರಿಸಿನದ ಬಣ್ಣಕ್ಕೆ ತಿರುಗಿತ್ತು. ಕಿಟಕಿ ನೋಡಿದರು. ಅವ್ವನ ಕಡೆ ತಿರುಗಿದರು.

"ತಂಗೆಮ್ಮಗ ತಲಿ ತಿರಗತದೇನ್ರಿ ಅವ್ವಾರ?"

"ನಿಮಗ್ಯಾರ್ ಹೇಳಿದ್ರು?"

"ಇದಽ ಹೇಳ್ತು" ಎಂದು ಉರಿಯತ್ತ ಕೈ ಮಾಡಿದರು. "ಖಿಡಕಿಗಿ ಮೊಳಿ ಹೊಡದವ್ರು ಯಾರು?"

"ನಾನಽ ರಿ" ಎಂದೆ.

"ಭಾಳ ಚಂದ ಹೊಡದೀರಿ. ಒಳಗಿಂದು ಹೊರಗ ಹೋಗಂಗಿಲ್ಲ, ಹೊರಗಿಂದು ಒಳಗ ಬರಂಗಿಲ್ಲ."

ವಿಧಿ ಪ್ರಕಾರ ಒಂದೊಂದೇ ಬಂದ್ ಮಾಡಿದರು. ಆದರೆ ಈ ಸಲ ಎರಡು ಸೆಲ್ಲುಗಳನ್ನು ತಮ್ಮ ಜುಬ್ಬಾದ ಕಿಸೆಗೆ ಇಳಿಸಿಕೊಂಡರು.

ಅವ್ವ ಕೂಸನ್ನು ಎತ್ತಿಕೊಂಡೇ ಅಡ್ಡ ನಿಂತಳು. "ಮಗಳಿಗಿ ಎಣ್ಣಿ ಹಚ್ಚಿ ಕುಂದರ್ಸೀನಿ. ಸೆಲ್ ಕೊಡ್ರಿ ಉಸ್ತಾದ."

"ಖಿಡಕಿ ಕೊಡ್ರಿ, ಸೆಲ್ ತಗೋರಿ."

"ಬಾಣಂತಿಗಿ ಗಾಳಿ ಬಡದ್ರ ನೀವು ಬರ್ತೀರೇನು ಔಷಧ ಹಚ್ಚಾಕ?"

"ಗಾಳಿ ಬಡದ್ರ ಔಷಧ ಅದ ಅವ್ವಾರ. ಗಾಳೀನಽ ಇಲ್ದಿದ್ರ ಏನ್ ಹಚ್ಚತೀರಿ? ಈ ಉರಿ ನಿಮ್ಮ ಮಗಳ ಉಸಿರು ತಿನ್ನಾಕತ್ತದ. ಕೂಸಿಂದು ಎಷ್ಟಿದ್ದೀತು?"

ಅವ್ವ ಕೂಸಿನ ಮುಖ ನೋಡಿದಳು. ಆದರೂ ಕಿಟಕಿ ಬಿಡಲಿಲ್ಲ! ಹಿತ್ತಿಲಿನಲ್ಲಿ ಕಟ್ಟಿಗೆಯ ಒಲೆ ಹೊತ್ತಿತು, ತಾಮ್ರದ ಹಂಡೆ ಏರಿತು. ನೀರು ಹೊರುವ ಶಿಕ್ಷೆ ನ್ಯಾಯವಾಗಿಯೇ ನನಗೆ ಬಂತು. ಉಸ್ತಾದರು ಸೆಲ್ಲು ಸಮೇತ ಹೊರಟುಹೋದರು.

ಮರುದಿನ ಪೈಪು, ಸುತ್ತಿಗೆ ಹಿಡಿದು ಬಂದು, ಗೀಸರನ್ನೇ ಕಿತ್ತು ಬಚ್ಚಲಿನ ಹೊರಗೋಡೆಗೆ, ಬಯಲಿಗೆ ಮುಖ ಮಾಡಿ ಕೂರಿಸಿದರು. ಬಿಸಿನೀರು ಮಾತ್ರ ಗೋಡೆ ತೂರಿ ಒಳಗೆ ಬಂತು.

"ಈಗ ಬಾಣಂತಿ ಒಳಗ, ಬೆಂಕಿ ಹೊರಗ. ನಿಮ್ಮ ಗೋಣಿಚೀಲಕ್ಕ ನನ್ನ ಸಲಾಮ್ ಅವ್ವಾರ."

ತಂಗಿಗೆ ಮತ್ತೆ ತಲೆ ತಿರುಗಲಿಲ್ಲ. ಅದರ ಶ್ರೇಯಸ್ಸನ್ನು ಅವ್ವ ಕೊನೆಯವರೆಗೂ ಮೆಣಸಿನಕಾಯಿಗೇ ಕೊಟ್ಟಳು. ಆದರೆ ಬಾಣಂತಿಗೆಂದು ಕಟ್ಟಿದ ಅಂಟಿನುಂಡೆಯ ಡಬ್ಬಿಯಿಂದ ಉಸ್ತಾದರಿಗೆ ಮಾತ್ರ ಎರಡು ಉಂಡೆ ಹೋಗುತ್ತಿದ್ದವು; ನನಗೆ ಅರ್ಧ. ಬೇರೆಯವರು ನಮ್ಮ ಗೀಸರ್ ಮುಟ್ಟುವುದಕ್ಕೂ ಅವಳು ಬಿಡಲಿಲ್ಲ.

ಆಮೇಲೆ ನಾನು ಸುರಪುರಕ್ಕೆ ಬಂದೆ. ಉಸ್ತಾದರು ತೀರಿಕೊಂಡ ಸುದ್ದಿ ನನ್ನನ್ನು ಮುಟ್ಟುವ ಹೊತ್ತಿಗೆ ಎರಡು ತಿಂಗಳಾಗಿತ್ತು. ಹೋಗಿ ನೋಡಿದರೆ ಆ ಗೂಡಂಗಡಿಯಲ್ಲಿ ಮೊಬೈಲಿನ ಕವರುಗಳು ತೂಗುತ್ತಿದ್ದವು. ಯಾರನ್ನೂ ಏನೂ ಕೇಳದೆ ಬಸ್ಸು ಹತ್ತಿದೆ...

ಯಾದಗಿರಿಯ ಬಚ್ಚಲಿನ ಕನ್ನಡಿಯಲ್ಲಿ ಇಷ್ಟೆಲ್ಲ ಹಾದುಹೋಗುವಾಗ ನನ್ನ ಹಿಂದೆ ಗೋಡೆಯ ಮೇಲೆ ಒಂದು ಗೀಸರು, ಅದರ ಪಕ್ಕದ ಕಿಟಕಿಗೆ ಟೇಪು ಹಚ್ಚಿದ ರಟ್ಟು ಕಾಣಿಸಿದವು. ಹೊರಗೆ ಹೋಗಿ ರೆಗ್ಯುಲೇಟರ್ ತಿರುಗಿಸಿ ಬಂದೆ.

ಸ್ವಲ್ಪ ಹೊತ್ತಿಗೆ ಟವೆಲ್ಲು ಹಿಡಿದು ತಂಗಿಯ ಮಗಳು ಬಂದಳು. "ಮಾಮಾ, ಸಾಲಿಗಿ ಹೊತ್ತಾಗ್ಯಾದ. ಗೀಸರಿನ ಸೆಲ್ ಎಲ್ಲವ್ರಿ?"

"ನನ್ನ ಕಿಸೇದಾಗ. ಮೊದಲ ಆ ರಟ್ಟು ತಗಿ. ಬರೂ ಆಯ್ತಾರ ಇದನ್ನ ಹೊರಗ ಹಾಕಸೋಣು, ಅಲ್ಲೀತನ ಒಲಿ ಮ್ಯಾಲಿನ ನೀರು."

ಗೊಣಗುತ್ತ ರಟ್ಟು ಕಿತ್ತಳು. ತಣ್ಣನೆ ಗಾಳಿ ಒಳಗೆ ನುಗ್ಗಿತು. "ಯಾರ್ ಕಲಸ್ಯಾರ್ರಿ ನಿಮಗ ಈ ಹಟ?"

"ನೀ ನೋಡೀದಿ ಅವ್ರನ್ನ. ಹದಿನೈದು ದಿನದ ಕೂಸಿದ್ದಿ."

"ಈಗ ಎಲ್ಲದಾರ ಅವ್ರು?"

ನಾನು ಹೊರಗೆ ಹೋಗಿ ಅದೇ ದಾಡಿಬ್ರಷ್ಷಿನಿಂದ ಸಿಲಿಂಡರಿನ ಪೈಪಿನ ಜೋಡಣೆಗೆ ನೊರೆ ಬಳಿದೆ, ಗ್ಯಾಸು ಬಿಟ್ಟೆ, ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಕಣ್ಣಿಟ್ಟು ನೋಡಿದೆ. ಒಂದು ಗುಳ್ಳೆಯೂ ಏಳಲಿಲ್ಲ. ಆದರೂ ನೊರೆ ಆರುವ ತನಕ ಎದ್ದುಬರಲು ಮನಸ್ಸಾಗಲಿಲ್ಲ.